ಅಂಗಳದಲ್ಲಿ ಕಾರಿತ್ತು, ಆದರೆ...



"ನಿಮಗೆ ಕಾರು ಓಡಿಸಲು ಬರುತ್ತದೆಯೇ?" ಎಂದು ಯಾರಾದರೂ ಕೇಳಿದರೆ ನೀವು ಏನು ಹೇಳುತ್ತೀರಿ? ಬರುತ್ತದೆ ಎನ್ನುತ್ತೀರಿ ಅಥವಾ ಬರುವುದಿಲ್ಲ ಎನ್ನುತ್ತೀರಿ. ನಾನೂ ಹಲವು ವರ್ಷ "ಬರುತ್ತದೆ" ಎಂದೇ ಹೇಳುತ್ತಿದ್ದೆ. ಅದು ಅರ್ಧ ಸತ್ಯ ಮಾತ್ರ ಎಂದು ನನಗೆ ತಿಳಿದದ್ದು 2006ರ ಜುಲೈ ತಿಂಗಳ ಒಂದು ಮಳೆಯ ರಾತ್ರಿ. ಆ ರಾತ್ರಿಯ ಕತೆಯನ್ನು ನಾನು ಹೆಚ್ಚು ಮಂದಿಗೆ ಹೇಳಿಲ್ಲ. ಈಗ ನಮ್ಮ ಎಷ್ಟೋ ಹೆಣ್ಣು ಮಕ್ಕಳು ಡ್ರೈವಿಂಗ್ ಕಲಿಯುತ್ತಿದ್ದಾರೆ. ಅವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಮದುವೆಯಾದ ಮೇಲೆ ಕೆಲವು ವರ್ಷ ನಾನು ಪತಿಯ ಜೊತೆ ಶಾರ್ಜಾದಲ್ಲಿದ್ದೆ. ಅಲ್ಲಿ ಲೈಸನ್ಸ್ ಸಿಗುವುದೆಂದರೆ ಸುಲಭದ ಮಾತಲ್ಲ. ಗಲ್ಫಿನಲ್ಲಿದ್ದವರಿಗೆ ಇದು ಗೊತ್ತು. ರೋಡ್ ಟೆಸ್ಟಿನಲ್ಲಿ ಮೂರು ಬಾರಿ ಫೇಲಾಗಿ, ನಾಲ್ಕನೇ ಬಾರಿ ಪಾಸಾದಾಗ ನಾನು ಕಾರಿನಲ್ಲೇ ಅತ್ತುಬಿಟ್ಟಿದ್ದೆ. ಪರೀಕ್ಷೆ ಕೊಟ್ಟದ್ದು ಆಟೋಮ್ಯಾಟಿಕ್ ಕಾರಿನಲ್ಲಿ. ಅಲ್ಲಿ ಆಟೋಮ್ಯಾಟಿಕ್‌ನಲ್ಲಿ ಪಾಸಾದವರು ಗೇರ್ ಗಾಡಿ ಓಡಿಸುವಂತಿಲ್ಲ. ಲೈಸನ್ಸಿನಲ್ಲೇ ಹಾಗೆ ಬರೆದಿರುತ್ತದೆ. ಅದರಿಂದ ನನಗೇನೂ ತೊಂದರೆಯಾಗಲಿಲ್ಲ. ನಮ್ಮ ಕಾರು ಆಟೋಮ್ಯಾಟಿಕ್, ನೆರೆಯವರದ್ದೂ ಆಟೋಮ್ಯಾಟಿಕ್. ಊರಲ್ಲಿ ಮಾಮಿಗೆ ಮಾತ್ರ ಹೇಳಲಾಗದಷ್ಟು ಸಂತೋಷ. "ನನ್ನ ಸೊಸೆ ಶಾರ್ಜಾದಲ್ಲಿ ಕಾರು ಬಿಡುತ್ತಾಳೆ" ಎಂದು ಮದುವೆ ಮನೆಗಳಲ್ಲೆಲ್ಲಾ ಹೇಳಿಕೊಂಡು ಬಂದಿದ್ದರು.

2006ರಲ್ಲಿ ಮಕ್ಕಳ ಶಾಲೆಗೆಂದು ನಾನು ಊರಿಗೆ ಬಂದೆ. ಪತಿ ಅಲ್ಲೇ ಉಳಿದರು. ನಮ್ಮ ಮನೆ ವಿಟ್ಲದ ಹತ್ತಿರ, ಅಡಿಕೆ ತೋಟದ ನಡುವೆ. ಮೈದುನನ ಹಳೆಯ ಕಾರು ಅಂಗಳದಲ್ಲಿರುತ್ತಿತ್ತು. ಗೇರ್ ಗಾಡಿ. ನಾನು ಅದನ್ನು ಮುಟ್ಟಿರಲಿಲ್ಲ. ಮುಟ್ಟುವ ಅಗತ್ಯವೂ ಬಿದ್ದಿರಲಿಲ್ಲ.

ಆ ದಿನ ಮೈದುನ ವ್ಯಾಪಾರದ ಕೆಲಸದ ಮೇಲೆ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿದ್ದ. ರಾತ್ರಿ ಸುಮಾರು ಒಂದೂವರೆ ಗಂಟೆಗೆ ಮಾಮಿ ನನ್ನನ್ನು ಕರೆದರು. ಎದೆ ಹಿಡಿದುಕೊಂಡು ಮಂಚದ ಅಂಚಿನಲ್ಲಿ ಕುಳಿತಿದ್ದರು. ಮೈಯೆಲ್ಲಾ ಬೆವರು. ಫೋನ್ ಎತ್ತಿದರೆ ಸದ್ದಿಲ್ಲ. ಮಳೆಗೆ ಎಲ್ಲೋ ಲೈನ್ ಹೋಗಿತ್ತು. ಇಂದಿನ 108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಆಗ ಅದೂ ಇರಲಿಲ್ಲ. ನಾನು ಗೋಡೆಯ ಮೊಳೆಯಲ್ಲಿದ್ದ ಕಾರಿನ ಕೀ ತೆಗೆದೆ. ನನ್ನಲ್ಲಿ ಊರಿನ ಲೈಸನ್ಸ್ ಇರಲಿಲ್ಲ. ಆದರೆ ಆ ಹೊತ್ತಿಗೆ ಅದು ನೆನಪಿಗೂ ಬರಲಿಲ್ಲ.

ಹತ್ತು ವರ್ಷದ ಮಗನ ಸಹಾಯದಿಂದ ಮಾಮಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆ. ನಿದ್ದೆಗಣ್ಣಿನಲ್ಲಿದ್ದ ಮೂರು ವರ್ಷದ ಮಗಳು ಪಕ್ಕದ ಸೀಟಿನಲ್ಲಿ. ಬಿಸ್ಮಿಲ್ಲಾಹ್ ಎಂದು ಕೀ ತಿರುಗಿಸಿದೆ. ಕಾರು ಒಮ್ಮೆಲೇ ಮುಂದಕ್ಕೆ ಜಿಗಿದು ತೆಂಗಿನಕಾಯಿ ರಾಶಿಗೆ ಗುದ್ದಿ ನಿಂತಿತು. ಮೈದುನ ಅದನ್ನು ಗೇರಿನಲ್ಲೇ ನಿಲ್ಲಿಸಿ ಹೋಗಿದ್ದ. ಕ್ಲಚ್ ಒತ್ತಿ ಸ್ಟಾರ್ಟ್ ಮಾಡಬೇಕೆಂದು ನನ್ನ ಕಾಲಿಗೆ ಗೊತ್ತಿರಲಿಲ್ಲ. ಹೇಗೋ ಸ್ಟಾರ್ಟ್ ಮಾಡಿದೆ. ರಿವರ್ಸ್ ಎಲ್ಲಿದೆ ಎಂದು ಕತ್ತಲಲ್ಲಿ ತಡಕಾಡಿ ಗೇರ್ ಹಾಕಿದೆ. ಕ್ಲಚ್ ಬಿಟ್ಟೆ. ಕಾರು ಒಮ್ಮೆ ನಡುಗಿ ಆಫ್ ಆಯಿತು. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಎಷ್ಟು ಸಲ ಎಂದು ಲೆಕ್ಕವಿಲ್ಲ. ಹಿಂದಿನಿಂದ ಮಾಮಿ ಕಲಿಮಾ ಹೇಳುವ ಸದ್ದು ಕೇಳುತ್ತಿತ್ತು.

ಕೊನೆಗೆ ಮಗನ ಕೈಗೆ ಟಾರ್ಚ್ ಕೊಟ್ಟು, ತೋಟದ ಆಚೆ ಇರುವ ಆಟೋ ಓಡಿಸುವ ಕಾಕನ ಮನೆಗೆ ಓಡಿಸಿದೆ. ಆ ಮಳೆಯಲ್ಲಿ, ಆ ಕತ್ತಲಲ್ಲಿ, ಹಾವು ಹರಿದಾಡುವ ತೋಟದೊಳಗೆ ಹತ್ತು ವರ್ಷದ ಹುಡುಗ! ಆಟೋ ಬರುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಟಾರ್ಪಾಲಿನ ಪರದೆ ಹೊಡೆದುಕೊಳ್ಳುತ್ತಿದ್ದ ಆ ಆಟೋದಲ್ಲಿ ಮಾಮಿಯನ್ನು ಪುತ್ತೂರಿನ ಆಸ್ಪತ್ರೆಗೆ ಕೊಂಡೊಯ್ದೆವು. ಹೃದಯಾಘಾತ. ಅಲ್‌ಹಮ್ದುಲಿಲ್ಲಾಹ್, ಮಾಮಿ ಬದುಕಿದರು. ಆದರೆ ಸ್ವಲ್ಪ ಬೇಗ ಬಂದಿದ್ದರೆ ಹೃದಯಕ್ಕೆ ಇಷ್ಟು ಪೆಟ್ಟಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಆ ಮೇಲೆ ಐದು ವರ್ಷ ಬಾಳಿದ ಮಾಮಿಗೆ ತಮ್ಮ ತೋಟದ ಏರು ಹತ್ತಲು ಒಮ್ಮೆಯೂ ಆಗಲಿಲ್ಲ.

ಆಸ್ಪತ್ರೆಯಲ್ಲಿ ಮೂರನೇ ದಿನ ಮಾಮಿ ನನ್ನ ಕೈ ಹಿಡಿದು ಕೇಳಿದರು: "ನಿನಗೆ ಕಾರು ಬರುತ್ತದಲ್ಲ ಮಗಳೇ, ಮತ್ತೆ ಯಾಕೆ ಹೊರಡಲಿಲ್ಲ?"

ಅವರು ದೂರಿದ್ದಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಕಾರೆಂದರೆ ಕಾರು, ಅದರಲ್ಲಿ ಎರಡು ಜಾತಿ ಉಂಟೆಂದು ಅವರಿಗೇನು ಗೊತ್ತು? ಆಯುಷ್ಯ ಅಲ್ಲಾಹನ ಕೈಯಲ್ಲಿದೆ, ನಿಜ. ಆದರೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡಿದೆವೇ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದಲ್ಲವೇ?

ಮಾಮಿ ಮನೆಗೆ ಬಂದ ಮರುವಾರವೇ ನಾನು ಡ್ರೈವಿಂಗ್ ಶಾಲೆಗೆ ಸೇರಿದೆ. "ಶಾರ್ಜಾದಲ್ಲಿ ಓಡಿಸಿದವಳಿಗೆ ಇಲ್ಲಿ ಎಂಥ ಕ್ಲಾಸು?" ಎಂದು ನಕ್ಕವರಿದ್ದಾರೆ. ನಕ್ಕದ್ದು ಸರಿಯೇ. ಮೊದಲ ದಿನ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕಿದೆ. ಅಲ್ಲಿ ಸ್ಟಿಯರಿಂಗ್ ಎಡಗಡೆ, ಇಲ್ಲಿ ಬಲಗಡೆ. ಅಲ್ಲಿ ರಸ್ತೆಯ ಬಲಬದಿ, ಇಲ್ಲಿ ಎಡಬದಿ. ಅದೆಲ್ಲ ನಾಲ್ಕು ದಿನದಲ್ಲಿ ಸರಿಯಾಯಿತು. ಸರಿಯಾಗದ್ದು ಎಡಗಾಲು. ಅಷ್ಟು ವರ್ಷ ಸುಮ್ಮನೆ ಕುಳಿತಿದ್ದ ಕಾಲಿಗೆ ಒಮ್ಮೆಲೇ ಕೆಲಸ ಕೊಟ್ಟರೆ ಅದು ಕೇಳುತ್ತದೆಯೇ?

ನಮ್ಮ ಮಾಸ್ಟ್ರು ವಯಸ್ಸಾದವರು, ತಾಳ್ಮೆಯವರು. ಒಂದು ದಿನ ಕಾರು ನಿಲ್ಲಿಸಿ ಎರಡು ಸ್ಟೀಲ್ ತಟ್ಟೆಗಳನ್ನು ಹೊರತೆಗೆದರು. "ಅಕ್ಕಾ, ಇದು ಎಂಜಿನು, ಯಾವಾಗಲೂ ತಿರುಗುತ್ತಾ ಇರುತ್ತದೆ. ಇದು ಚಕ್ರದ ಕಡೆಯದ್ದು, ನಿಂತಿದೆ. ತಿರುಗುವ ತಟ್ಟೆಯನ್ನು ನಿಂತ ತಟ್ಟೆಗೆ ಮೆಲ್ಲನೆ ತಾಗಿಸಿದರೆ ಇದೂ ತಿರುಗಲು ಶುರುವಾಗುತ್ತದೆ. ಒಮ್ಮೆಲೇ ಒತ್ತಿದರೆ? ಅದೂ ನಿಲ್ಲುತ್ತದೆ" ಎಂದರು. ಅಷ್ಟೇ ಸಹೋದರಿಯರೇ, ಕ್ಲಚ್ ಎಂದರೆ ಅಷ್ಟೇ! ಪೆಡಲ್ ಒತ್ತಿದಾಗ ತಟ್ಟೆಗಳು ಬೇರೆಯಾಗುತ್ತವೆ, ಬಿಟ್ಟಾಗ ಕೂಡುತ್ತವೆ. ಆ ರಾತ್ರಿ ನಾನು ಅವೆರಡನ್ನು ಒಮ್ಮೆಲೇ ಕೂಡಿಸುತ್ತಿದ್ದೆ. ಗೇರನ್ನೂ ಅವರು ಹಾಗೆಯೇ ಹೇಳಿಕೊಟ್ಟರು. ತಲೆಯಲ್ಲಿ ಹುಲ್ಲಿನ ಹೊರೆ ಹೊತ್ತು ಗುಡ್ಡ ಹತ್ತುವಾಗ ಸಣ್ಣ ಸಣ್ಣ ಹೆಜ್ಜೆ ಇಡುತ್ತೇವೆ. ಅದು ಫಸ್ಟ್ ಗೇರ್. ಸಮತಟ್ಟಿನಲ್ಲಿ ಬರಿಗೈಯಲ್ಲಿ ನಡೆಯುವಾಗ ಉದ್ದ ಹೆಜ್ಜೆ. ಅದು ಟಾಪ್ ಗೇರ್.

ಕಷ್ಟವಾದದ್ದು ಏರಿನಲ್ಲಿ. ನಮ್ಮ ಜಿಲ್ಲೆಯಲ್ಲಿ ಏರು ಇಳಿಜಾರು ಇಲ್ಲದ ರಸ್ತೆ ಎಲ್ಲಿದೆ? ಒಂದು ದಿನ ಏರಿನ ಮಧ್ಯೆ ಕಾರು ಆಫ್ ಆಯಿತು. ಹಿಂದೆ ಬಸ್ಸು, ಒಂದೇ ಸಮನೆ ಹಾರ್ನ್. ಬಸ್ಸಿನ ಕಿಟಕಿಗಳಲ್ಲೆಲ್ಲಾ ತಲೆಗಳು. "ಬುರ್ಖಾ ಹಾಕಿದವರಿಗೆ ಯಾಕೆ ಇದೆಲ್ಲ?" ಎಂದು ಯಾರೋ ಹೇಳಿದ್ದೂ ಕೇಳಿಸಿತು. ಕೈ ನಡುಗತೊಡಗಿತು. ಮಾಸ್ಟ್ರು ಮಾತ್ರ ನಿಶ್ಚಿಂತರಾಗಿ, "ಹಾರ್ನ್ ಅವನ ಕೆಲಸ, ನೀವು ನಿಮ್ಮ ಕೆಲಸ ಮಾಡಿ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಫಸ್ಟ್ ಹಾಕಿ. ಹಿಮ್ಮಡಿ ನೆಲಕ್ಕೆ ಊರಿ ಕ್ಲಚ್ ಮೆಲ್ಲ ಬಿಡಿ. ಗಾಡಿಯ ಮೂತಿ ಸ್ವಲ್ಪ ಎದ್ದಂತಾಗುತ್ತದೆ, ಸದ್ದು ಬದಲಾಗುತ್ತದೆ. ಅಲ್ಲಿ ಕಾಲು ನಿಲ್ಲಿಸಿ. ಈಗ ಆಕ್ಸಿಲರೇಟರ್ ಕೊಟ್ಟು ಹ್ಯಾಂಡ್‌ಬ್ರೇಕ್ ಬಿಡಿ" ಎಂದರು. ಕಾರು ಒಂದಿಂಚೂ ಹಿಂದೆ ಬಾರದೆ ಏರು ಹತ್ತಿತು. ಶಾರ್ಜಾದಲ್ಲಿ ಪಾಸಾದ ದಿನಕ್ಕಿಂತ ಅಂದೇ ನನಗೆ ಹೆಚ್ಚು ಸಂತೋಷವಾಯಿತು.

ಏರಿನ ಮಾತು ಬಂದಾಗ ಒಬ್ಬ ಮಹಿಳೆಯ ನೆನಪಾಗುತ್ತದೆ. ಕಾರನ್ನು ನಿರ್ಮಿಸಿದ ಜರ್ಮನಿಯ ಕಾರ್ಲ್ ಬೆಂಝ್‌ರ ಪತ್ನಿ ಬರ್ತಾ ಬೆಂಝ್. 1888ರ ಆಗಸ್ಟ್‌ನಲ್ಲಿ ಆಕೆ ಪತಿಗೆ ತಿಳಿಸದೆ, ಇಬ್ಬರು ಗಂಡು ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಝ್‌ಹೈಮ್‌ನಲ್ಲಿದ್ದ ತನ್ನ ತಾಯಿಮನೆಗೆ ಕಾರಿನಲ್ಲಿ ಹೊರಟರು. ಸುಮಾರು 100 ಕಿ.ಮೀ. ದಾರಿ. ಕಾರೊಂದು ಅಷ್ಟು ದೂರ ಹೋದದ್ದು ಅದೇ ಮೊದಲು. ಇಂಧನ ಮುಗಿದಾಗ ಔಷಧಿ ಅಂಗಡಿಯಿಂದ ಕೊಂಡು ತುಂಬಿಸಿದರು. ಆದರೆ ಏರಿನಲ್ಲಿ ಕಾರು ಹತ್ತಲಿಲ್ಲ, ಮಕ್ಕಳು ಇಳಿದು ತಳ್ಳಬೇಕಾಯಿತು. ಆ ಪ್ರಯಾಣದ ಅನುಭವದಿಂದಲೇ ಆ ಮೇಲೆ ಏರು ಹತ್ತಲೆಂದು ಇನ್ನೊಂದು ಗೇರನ್ನು ಸೇರಿಸಲಾಯಿತು. "ಗೇರ್ ಎಲ್ಲ ಗಂಡಸರ ವಿದ್ಯೆ" ಎನ್ನುವವರಿಗೆ ನಾನು ಈ ಕತೆ ಹೇಳುವುದುಂಟು.

ಹಾಗಾದರೆ ಆಟೋಮ್ಯಾಟಿಕ್ ಎಂದರೇನು? ಅದರಲ್ಲಿ ಗೇರ್ ಇಲ್ಲವೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹೆಚ್ಚಿನವುಗಳಲ್ಲಿ ಗೇರ್ ಇದೆ, ಬದಲಾಯಿಸುವುದು ಮಾತ್ರ ನಾವಲ್ಲ. ಇಲ್ಲದ್ದು ಕ್ಲಚ್ ಪೆಡಲ್. ಹಳೆಯ ಕ್ರಮದ ಆಟೋಮ್ಯಾಟಿಕ್‌ನಲ್ಲಿ ತಟ್ಟೆಗಳ ಬದಲು ಎಣ್ಣೆ ಕೆಲಸ ಮಾಡುತ್ತದೆ. ಎರಡು ಟೇಬಲ್ ಫ್ಯಾನುಗಳನ್ನು ಎದುರು ಬದುರಾಗಿಟ್ಟು ಒಂದನ್ನು ಮಾತ್ರ ಹಾಕಿ ನೋಡಿ. ಅದರ ಗಾಳಿಗೆ ಇನ್ನೊಂದರ ರೆಕ್ಕೆಯೂ ತಿರುಗತೊಡಗುತ್ತದೆ. ಗಾಳಿಯ ಜಾಗದಲ್ಲಿ ಎಣ್ಣೆ ಎಂದು ತಿಳಿಯಿರಿ. ಅಮೆರಿಕದಲ್ಲಿ ಇಂತಹ ಕಾರುಗಳು 1940ರ ಸುಮಾರಿಗೇ ಮಾರಾಟಕ್ಕೆ ಬಂದಿದ್ದವು. ನಮ್ಮಲ್ಲಿ ಬಹುಕಾಲ ಅದು ದುಬಾರಿ ಕಾರುಗಳ ಸಂಗತಿಯಾಗಿತ್ತು. 2014ರಲ್ಲಿ ಮಾರುತಿಯ ಸೆಲೆರಿಯೋ ಎಂಬ ಸಣ್ಣ ಕಾರಿನಲ್ಲಿ ಎಎಂಟಿ ಬಂದ ಮೇಲೆ ಮಧ್ಯಮ ವರ್ಗದ ಮನೆಗಳಿಗೂ ಆಟೋಮ್ಯಾಟಿಕ್ ತಲುಪಿತು. ಎಎಂಟಿಯಲ್ಲಿರುವುದು ನಮ್ಮ ಗೇರ್ ಗಾಡಿಯ ಅದೇ ಕ್ಲಚ್, ಅದೇ ಗೇರ್. ಅದನ್ನು ಒತ್ತಲು, ಬದಲಾಯಿಸಲು ಒಂದು ಯಂತ್ರದ ಕೈಯನ್ನು ಇಟ್ಟಿದ್ದಾರೆ ಅಷ್ಟೇ. ಆದ್ದರಿಂದಲೇ ಗೇರ್ ಬದಲಾಗುವಾಗ ಕಾರು ಒಂದು ಕ್ಷಣ ತಡೆದಂತಾಗುತ್ತದೆ. ಗೇರ್ ಗಾಡಿಗಿಂತ ಇದಕ್ಕೆ ಸಾಮಾನ್ಯವಾಗಿ ಅರ್ಧ ಲಕ್ಷ ರೂಪಾಯಿಯ ಆಸುಪಾಸು ಹೆಚ್ಚು ಬೀಳುತ್ತದೆ. ಪೆಟ್ರೋಲ್ ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಕೆಲವು ವರ್ಷಗಳ ಹಿಂದೆ ಪತಿ ಊರಿಗೆ ಮರಳಿದ ಮೇಲೆ ಕಾರು ಕೊಳ್ಳಲು ಹೋದೆವು. ಶೋರೂಮಿನ ಹುಡುಗ ನನ್ನ ಮುಖ ನೋಡದೆ ಪತಿಯೊಡನೆ, "ಮೇಡಂ ಓಡಿಸುವುದಾದರೆ ಆಟೋಮ್ಯಾಟಿಕ್ ತಗೊಳ್ಳಿ ಸಾರ್, ಲೇಡೀಸಿಗೆ ಅದೇ ಸುಲಭ" ಎಂದ. ನಾವು ಕೊಂಡದ್ದು ಆಟೋಮ್ಯಾಟಿಕ್ಕೇ. ಆದರೆ ನಾನು ಲೇಡೀಸ್ ಆಗಿರುವುದರಿಂದಲ್ಲ, ನನ್ನ ಎಡ ಮೊಣಕಾಲು ನೋಯುವುದರಿಂದ! ಪಂಪ್‌ವೆಲ್‌ನ ಟ್ರಾಫಿಕ್‌ನಲ್ಲಿ ಹತ್ತು ಹೆಜ್ಜೆಗೊಮ್ಮೆ ಕ್ಲಚ್ ಒತ್ತಿ ಬಿಟ್ಟು ಮಾಡಿದರೆ ಆ ರಾತ್ರಿ ನಮಾಝಿಗೆ ಕುರ್ಚಿ ಬೇಕಾಗುತ್ತದೆ. ಮೊಣಕಾಲು, ಸೊಂಟದ ನೋವು ಇರುವವರಿಗೆ ಆಟೋಮ್ಯಾಟಿಕ್ ದೊಡ್ಡ ಅನುಗ್ರಹ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಗೇರ್ ಗಾಡಿ ಓಡಿಸಿದವರಷ್ಟೇ ಡ್ರೈವರ್ ಎಂಬ ಜಂಬವೂ ಬೇಡ.

ಆದರೆ ಆಟೋಮ್ಯಾಟಿಕ್‌ನಲ್ಲೂ ಎಚ್ಚರ ಬೇಕು. ನನ್ನ ಅನುಭವದಿಂದ ಕೆಲವು ಮಾತು ಹೇಳುತ್ತೇನೆ. ಎಡಗಾಲನ್ನು ಪೂರ್ತಿ ಬದಿಗಿಡಿ. ಗೇರ್ ಗಾಡಿಯ ಅಭ್ಯಾಸದಿಂದ ಅದು ಕ್ಲಚ್ ಎಂದು ಬ್ರೇಕ್ ಒತ್ತಿದರೆ ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಲ್ಲುತ್ತದೆ. ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲು ಒಂದೇ ಸಾಕು. ಡಿ ಯಲ್ಲಿರುವಾಗ ಬ್ರೇಕ್‌ನಿಂದ ಕಾಲು ತೆಗೆದರೆ ಹೆಚ್ಚಿನ ಆಟೋಮ್ಯಾಟಿಕ್ ಕಾರುಗಳು ತಾನಾಗಿಯೇ ಮುಂದೆ ಹೋಗುತ್ತವೆ. ಗೇಟು ತೆರೆಯಲೆಂದು ಎಂಜಿನ್ ಆಫ್ ಮಾಡದೆ ಇಳಿಯುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಅಂಗಳದಲ್ಲಿ ಮಕ್ಕಳು ಆಡುತ್ತಿರುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಶಿರಾಡಿ, ಚಾರ್ಮಾಡಿ ಘಾಟಿ ಇಳಿಯುವಾಗ ಉದ್ದಕ್ಕೂ ಬ್ರೇಕ್ ಒತ್ತಿ ಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಗೇರ್ ಗಾಡಿಯಾದರೆ ಸೆಕೆಂಡಿಗೆ ಇಳಿಸಿ, ಆಟೋಮ್ಯಾಟಿಕ್ ಆದರೆ ಎಲ್ ಅಥವಾ ಮ್ಯಾನುವಲ್ ಮೋಡಿಗೆ ಹಾಕಿ. ಎಂಜಿನೇ ಕಾರನ್ನು ಹಿಡಿದುಕೊಳ್ಳುತ್ತದೆ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವುದಂತೂ ಬೇಡವೇ ಬೇಡ. ಇಳಿಜಾರಿನಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಗಾಡಿಯನ್ನು ಗೇರಿನಲ್ಲಿಡಿ. ಆಟೋಮ್ಯಾಟಿಕ್ ಆದರೆ ಪಿ ಯಲ್ಲಿಡಿ. ಎಎಂಟಿಯಲ್ಲಿ ಹೆಚ್ಚಾಗಿ ಪಿ ಇರುವುದಿಲ್ಲ, ಅದನ್ನೂ ಗೇರಿನಲ್ಲಿಟ್ಟೇ ಆಫ್ ಮಾಡಿ. ಒಂಟೆಯನ್ನು ಕಟ್ಟಿದ ಮೇಲೆ ಅಲ್ಲಾಹನಲ್ಲಿ ಭರವಸೆಯಿಡಲು ಪ್ರವಾದಿ(ಸ)ರು ಕಲಿಸಿದ್ದಾರೆ. ನಮ್ಮ ಕಾಲದ ಒಂಟೆಗೆ ಹ್ಯಾಂಡ್‌ಬ್ರೇಕೇ ಹಗ್ಗ!

ಈಗ ನನ್ನ ಮಗಳಿಗೆ 22 ವರ್ಷ. ಅಂದು ಪಕ್ಕದ ಸೀಟಿನಲ್ಲಿ ನಿದ್ದೆಗಣ್ಣಿನಲ್ಲಿ ಕುಳಿತಿದ್ದವಳು. ಕಳೆದ ರಜೆಯಲ್ಲಿ, "ಉಮ್ಮಾ, ಮನೆಯಲ್ಲಿರುವುದು ಆಟೋಮ್ಯಾಟಿಕ್, ಮುಂದೆ ಎಲ್ಲ ಕಾರು ಆಟೋಮ್ಯಾಟಿಕ್ಕೇ ಆಗುತ್ತದೆ, ಕರೆಂಟಿನ ಕಾರಿಗೂ ಕ್ಲಚ್ ಇಲ್ಲ. ನಾನು ಯಾಕೆ ಗೇರ್ ಕಲಿಯಬೇಕು?" ಎಂದು ಕೇಳಿದಳು. ಅವಳ ಮಾತಿನಲ್ಲಿ ಸುಳ್ಳಿಲ್ಲ. ನಮ್ಮ ದೇಶದಲ್ಲಿ ಗೇರ್ ಇರುವ, ಇಲ್ಲದ ಎಂಬ ಭೇದ ಲೈಸನ್ಸಿನಲ್ಲಿ ಇರುವುದು ದ್ವಿಚಕ್ರ ವಾಹನಕ್ಕೆ ಮಾತ್ರ. ಕಾರಿಗೆ ಲಘು ಮೋಟಾರು ವಾಹನ ಎಂದಷ್ಟೇ ಇರುತ್ತದೆ. 2018ರ ಜೂನ್‌ನಲ್ಲಿ ಸೌದಿಯಲ್ಲಿ ಮಹಿಳೆಯರಿಗೆ ಡ್ರೈವಿಂಗ್ ಅನುಮತಿ ಸಿಕ್ಕಿದ ಮೇಲೆ ಅಲ್ಲಿರುವ ನಮ್ಮ ಸಂಬಂಧಿಕ ಹೆಣ್ಣು ಮಕ್ಕಳೂ ಆಟೋಮ್ಯಾಟಿಕ್‌ನಲ್ಲಿ ಕಲಿತು ಚೆನ್ನಾಗಿಯೇ ಓಡಿಸುತ್ತಿದ್ದಾರೆ.

ಆಗ ನಾನು ಅವಳಿಗೆ ಆ ರಾತ್ರಿಯ ಕತೆ ಹೇಳಿದೆ. "ನೀನು ಕೊಳ್ಳುವ ಕಾರು ನಿನ್ನ ಇಷ್ಟದ್ದು ಮಗಳೇ. ಆದರೆ ಕಷ್ಟದ ಹೊತ್ತಿಗೆ ಅಂಗಳದಲ್ಲಿ ನಿಂತಿರುವ ಕಾರು ನಿನ್ನ ಇಷ್ಟದ್ದೇ ಆಗಿರುತ್ತದೆ ಎಂದು ಯಾರು ಹೇಳಿದರು? ಅದು ನೆರೆಮನೆಯವರದ್ದಾಗಿರಬಹುದು, ನಿನ್ನ ಚಿಕ್ಕಪ್ಪನದ್ದಾಗಿರಬಹುದು" ಎಂದೆ. ಅವಳು ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಮೈದುನನ ಕಾರಿನ ಕೀ ಹುಡುಕುತ್ತಿದ್ದಳು. ಈಗ ಅವನಲ್ಲಿರುವುದೂ ಗೇರ್ ಗಾಡಿಯೇ. ಲರ್ನರ್ಸ್ ಲೈಸನ್ಸ್ ಮಾಡಿಸಿ, ಎಲ್ ಬೋರ್ಡ್ ಅಂಟಿಸಿ, ನಾನೇ ಪಕ್ಕದಲ್ಲಿ ಕುಳಿತು ಕಲಿಸಿದೆ. ಒಂದು ತಿಂಗಳ ಮೇಲೆ ಟೆಸ್ಟ್ ಕೊಟ್ಟಳು. ಈಗ ಓಡಿಸುವುದು ಮನೆಯ ಆಟೋಮ್ಯಾಟಿಕ್ ಕಾರನ್ನೇ. ವಾರಕ್ಕೊಮ್ಮೆ ಮಾತ್ರ ಚಿಕ್ಕಪ್ಪನ ಕಾರನ್ನು ತೋಟದ ಏರು ಹತ್ತಿಸಿ ಬರುತ್ತಾಳೆ. ಮಾಮಿ ಹತ್ತಲಾಗದೆ ಹೋದ ಅದೇ ಏರು.

ಆದ್ದರಿಂದ ಸಹೋದರಿಯರೇ, ಯಾವ ಕಾರು ಒಳ್ಳೆಯದು ಎಂದು ನನ್ನನ್ನು ಕೇಳಬೇಡಿ. ನಿಮ್ಮ ಮೊಣಕಾಲು, ನಿಮ್ಮ ರಸ್ತೆ, ನಿಮ್ಮ ಹಣ ನೋಡಿ ನೀವೇ ತೀರ್ಮಾನಿಸಿ. ಮೊಣಕಾಲಿಗಾಗಿ ಆಟೋಮ್ಯಾಟಿಕ್ ಕೊಳ್ಳಿ, ಟ್ರಾಫಿಕ್‌ಗಾಗಿ ಕೊಳ್ಳಿ. ಕ್ಲಚ್‌ನ ಹೆದರಿಕೆಗಾಗಿ ಮಾತ್ರ ಕೊಳ್ಳಬೇಡಿ. ಸಾಧ್ಯವಿದ್ದವರು ಮೊದಲು ಕ್ಲಚ್‌ನಲ್ಲಿ ಕಲಿಯಿರಿ. ಆಟೋಮ್ಯಾಟಿಕ್‌ನಲ್ಲಿ ಮಾತ್ರ ಕಲಿತವರು ಹತ್ತು ದಿನ ಬಿಡುವು ಮಾಡಿ ಗೇರ್ ಗಾಡಿಯಲ್ಲಿ ಕುಳಿತುಕೊಳ್ಳಿ. ನಿಮ್ಮ ಮನೆಯ ಅಂಗಳದಲ್ಲಿ, ನೆರೆಯವರ ಅಂಗಳದಲ್ಲಿ ಯಾವ ಕಾರು ನಿಂತಿದೆ, ಅದರ ರಿವರ್ಸ್ ಎಲ್ಲಿದೆ ಎಂದು ಹಗಲಲ್ಲೇ ನೋಡಿಟ್ಟುಕೊಳ್ಳಿ. ಅದನ್ನು ರಾತ್ರಿ ಒಂದೂವರೆ ಗಂಟೆಗೆ, ಕತ್ತಲಲ್ಲಿ, ಹುಡುಕುವ ಪರಿಸ್ಥಿತಿ ಯಾರಿಗೂ ಬಾರದಿರಲಿ. ಅಲ್ಲಾಹನು ನಮ್ಮೆಲ್ಲರ ಪ್ರಯಾಣವನ್ನು ಸುರಕ್ಷಿತಗೊಳಿಸಲಿ, ಆಮೀನ್.